ಹಳದಿ ಮರದೊಳಗಿನ ಹೆಬ್ಬೆಟ್ಟು

"ನಿನ್ನ ಹೆಬ್ಬೆಟ್ಟು ತೋರಿಸು, ಕ್ಲೆಮ್."

"ಯಾವುದು? ಎಡಗೈದು ಪೂರ್ತಿ ಇದೆ, ಬಲಗೈದು ಅರ್ಧ ಇದೆ. ನಿನಗೆ ಎಷ್ಟು ಬೇಕು ಹೇಳು."

ಕ್ಲೆಮ್ ಡಾಬಿ ತನ್ನ ಎರಡೂ ಕೈಗಳನ್ನು ಸೇಬಿನ ಪೆಟ್ಟಿಗೆಯ ಮೇಲೆ ಚಾಚಿ ಹಲ್ಲು ಕಿರಿದ. ಅವನ ಬಲಗೈ ಹೆಬ್ಬೆರಳಿನ ತುದಿಯನ್ನು ಎಂದೋ ಗರಗಸದ ಯಂತ್ರ ನುಂಗಿ ನೀರು ಕುಡಿದಿತ್ತು. ಯೂನಾ ಸ್ಕೆರಿಟ್‌ಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಭೂತಗನ್ನಡಿ ಹಿಡಿದು ಎಡಗೈಯನ್ನು ತಿರುವಿ ಮುರುವಿ ನೋಡಿದಳು. ಗುರುತು ಕ್ಲೆಮ್‌ನದೇ ಆಗಿರಲಿ ಎಂದು ದಾರಿಯುದ್ದಕ್ಕೂ ಹಾರೈಸುತ್ತ ಬಂದಿದ್ದಳು.

ಆಗಿರಲಿಲ್ಲ. ಕ್ಲೆಮ್‌ನ ಬೆರಳಿನ ಗೆರೆಗಳು ಸುಳಿಯಾಗಿ ಸುತ್ತಿಕೊಂಡಿದ್ದವು. ಅವಳು ಹುಡುಕುತ್ತಿದ್ದ ಗೆರೆಗಳು ಬಿಲ್ಲಿನಂತೆ ಬಾಗಿ ಬಲಕ್ಕೆ ಇಳಿಯುತ್ತಿದ್ದವು.

ದೋಣಿ ಹಬ್ಬದ ದಿನ ಊರಿನ ಹಿರಿಯಳಾದ ಮುದುಕಿ ಪರ್ಡನ್ ಹಬ್ಬದ ಪುಸ್ತಕಕ್ಕೆ ಸಹಿ ಹಾಕಲೆಂದು ಎತ್ತಿಕೊಂಡ ಪೆನ್ನು ಊರೆಲ್ಲರ ಕಣ್ಣೆದುರೇ ಬಿಚ್ಚಿಕೊಂಡಿತ್ತು. ಸ್ಟ್ರಾಡ್ಲಿ ಕೊಲ್ಲಿಯ ಮರಗೆಲಸದ ಕ್ಲಬ್ಬಿನಲ್ಲಿ ಅಂದಿನಿಂದ ಯಾರಿಗೂ ಊಟ ಮೈಗೆ ಹತ್ತಿಲ್ಲ. ಹಳದಿ ಹ್ಯೂಆನ್ ಪೈನ್ ಮರದ ನಡುವೆ ಕಪ್ಪು ಮರದ ಪಟ್ಟಿಗಳನ್ನು ಅಂಟಿಸಿ, ಲೇತು ಯಂತ್ರದಲ್ಲಿ ತಿರುಗಿಸಿ ಕಡೆದು, ಮೊಟ್ಟೆಯ ಓಡಿನಷ್ಟು ತೆಳ್ಳಗೆ ಮಾಡಿದ ಪೆನ್ನು ಅದು. ಮಾಡಿದವಳು ಬ್ರಯೋನಿ, ಸಮುದ್ರ ದಾಟಿ ಮೆಲ್ಬರ್ನಿನಿಂದ ಬಂದು ನೆಲೆಸಿದವಳು.

ಅದಕ್ಕೆ ಮೊದಲು ಪ್ರತಿವರ್ಷವೂ ಆ ಸಹಿಗೆಂದು ಆರಿಸುತ್ತಿದ್ದುದು ಯೂನಾಳ ಪೆನ್ನನ್ನು. ಸಭಾಭವನದ ಗಾಜಿನ ಕಪಾಟಿನ ತುಂಬ ಅವಳದೇ ಪೆನ್ನುಗಳು ಮಲಗಿವೆ. ಈ ಸಲ ಬ್ರಯೋನಿಯ ಹೆಸರು ಕೂಗಿದಾಗ ಯೂನಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು. ಮನೆಗೆ ಬಂದವಳೇ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

"ಏನಮ್ಮಾ ಸಾರ್ಜೆಂಟಮ್ಮಾ, ನಾನು ಪಾಸೋ ಫೇಲೋ?" ಎಂದ ಕ್ಲೆಮ್.

"ನೀನಲ್ಲ."

"ಅದನ್ನ ನಾಳೆ ಸಭೆಯಲ್ಲಿ ಜೋರಾಗಿ ಹೇಳು. ಊರೆಲ್ಲ ನನ್ನ ಕಡೆಗೇ ಬೆರಳು ತೋರಿಸ್ತಿದೆ. ಮೇಜಿನ ಪಕ್ಕ ನಿಂತಿದ್ದೆನಂತೆ. ನೀರು ದಾಟಿ ಬಂದವಳಿಗೆ ನಮ್ಮ ಮರದ ಸ್ವಭಾವ ಏನು ಗೊತ್ತು ಅಂದೆನಂತೆ. ಅಂದಿದ್ದೆ, ಇಲ್ಲ ಅನ್ನಲ್ಲ. ಹಾಗಂತ ಪೆನ್ನು ಒಡೀತೀನಾ?"

ಹಾಬಾರ್ಟಿನ ಪೊಲೀಸ್ ಠಾಣೆಯಿಂದ ನಿವೃತ್ತಳಾದ ಮೇಲೂ ಊರವರು ಯೂನಾಳನ್ನು ಬಿಟ್ಟಿರಲಿಲ್ಲ. ಪತ್ತೆ ಮಾಡಿ ಹೆಸರು ಹೇಳು ಎಂದು ಕ್ಲಬ್ಬು ಅವಳ ತಲೆಗೇ ಕಟ್ಟಿತ್ತು. ನಾಳೆ ಬೆಳಗ್ಗೆ ಅವಳು ಯಾರ ಹೆಸರು ಹೇಳುತ್ತಾಳೋ ಅವರು ಕ್ಲಬ್ಬಿನ ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆಯಬೇಕು. ಹೆಂಡತಿ ತೀರಿಕೊಂಡ ಮೇಲೆ ಕ್ಲೆಮ್‌ಗೆ ಆ ಶೆಡ್ಡೇ ಮನೆ. ಅಲ್ಲಿ ಲೇತಿನ ಮುಂದೆ ನಿಲ್ಲದ ದಿನ ಅವನಿಗೆ ಮಾತಾಡಲು ಬೆಕ್ಕು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಆದ್ರೂ ಯಾರದು ಅಂತ ಹೇಗೆ ಗೊತ್ತಾಗತ್ತೆ? ಪೆನ್ನಿನಲ್ಲಿ ಹೆಬ್ಬೆಟ್ಟು ಮೂಡೋ ಅಷ್ಟು ಜಾಗ ಎಲ್ಲಿದೆ?"

"ಪೆನ್ನಿನಲ್ಲಿ ಇಲ್ಲ. ಇದರಲ್ಲಿದೆ."

ಯೂನಾ ಬೆಂಕಿಪೊಟ್ಟಣ ತೆರೆದಳು. ಪೆನ್ನು ಕಡೆಯುವವರು ಪಟ್ಟಿಗಳನ್ನು ಉದ್ದಕ್ಕೆ ಅಂಟಿಸಿ, ತುದಿಯನ್ನು ಕತ್ತರಿಸಿ ಬಿಡುತ್ತಾರೆ. ಆದರೆ ಹ್ಯೂಆನ್ ಪೈನಿನ ಚೂರನ್ನು ಈ ದ್ವೀಪದಲ್ಲಿ ಯಾರೂ ಒಲೆಗೆ ಹಾಕುವುದಿಲ್ಲ. ಹಸಿ ಮರ ಕಡಿಯುವ ಹಾಗಿಲ್ಲ, ಹಳೆ ದೋಣಿಗಳ ಹಲಗೆಯೇ ಗತಿ. ಬ್ರಯೋನಿಯೂ ತನ್ನ ತುದಿ ತುಂಡನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಪೆನ್ನು ಬಿಚ್ಚಿಕೊಂಡ ಅದೇ ಅಂಟಿನ ಜೋಡಣೆ ಈ ತುಂಡಿನೊಳಗೂ ಮುಂದುವರಿದಿತ್ತು. ಯೂನಾ ಉಳಿಯ ಅಂಚು ಒತ್ತಿದ್ದೇ ತಡ, ಅದು ಬಿಸ್ಕತ್ತಿನಂತೆ ಎರಡು ಹೋಳಾಗಿತ್ತು.

ಒಂದು ಹೋಳಿನ ಮೇಲೆ ಅಂಟು ಹಾಗೇ ಹೊಳೆಯುತ್ತಿತ್ತು. ಇನ್ನೊಂದನ್ನು ಅದು ಹಿಡಿದುಕೊಂಡೇ ಇರಲಿಲ್ಲ. ಹೊಳಪಿನ ಮೇಲೆ ಅಚ್ಚೊತ್ತಿದಂತೆ ಒಂದು ಹೆಬ್ಬೆಟ್ಟು, ಅದರ ಮೇಲೆ ಓರೆಯಾಗಿ ಹಾದುಹೋದ ಸಣ್ಣ ಗೀಟು. ಗೀಟು ಮರದ ಎಳೆಯದಿರಬೇಕೆಂದು ಯೂನಾ ಅದರ ಗೋಜಿಗೆ ಹೋಗಿರಲಿಲ್ಲ.

"ಜಿಡ್ಡು ಕೈ," ಎಂದ ಕ್ಲೆಮ್ ಬಗ್ಗಿ ನೋಡಿ. "ಮೊದಲೇ ಎಣ್ಣೆ ಮರ ಇದು. ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಅಂಟು ಹಾಕಬೇಕು. ಒರೆಸಿದ ಮೇಲೆ ಯಾರೋ ಜಿಡ್ಡು ಕೈಯಲ್ಲಿ ಮುಟ್ಟಿದ್ದಾರೆ. ಒರೆಸಿದ್ದಾರೆ ಅನ್ನೋದಕ್ಕೆ ಟಿಕ್ಕೂ ಇದೆಯಲ್ಲ."

ಆ ಟಿಕ್ಕೇ ಯೂನಾಳ ಹೊಟ್ಟೆಯಲ್ಲಿ ಕೆಂಡ ಸುರಿದಿದ್ದು. ಇನ್ನೊಂದು ಹೋಳಿನ ಮೂಲೆಯಲ್ಲಿ ಪೆನ್ಸಿಲ್ಲಿನ ಪುಟ್ಟ ಗುರುತು, ಬಾಲ ಉದ್ದವಾಗಿ ಗಾಳದ ಕೊಕ್ಕೆಯಂತೆ ಮೇಲೆದ್ದಿತ್ತು. ಹಾಗೆ ಗುರುತು ಹಾಕುವವನು ಈ ಕೊಲ್ಲಿಯಲ್ಲಿ ಒಬ್ಬನೇ. ದೋಣಿ ಕಟ್ಟುವ ಕಾಲದಿಂದ ಒರೆಸಿದ ಮೈಗೆಲ್ಲ ಟಿಕ್ಕು ಹಾಕುತ್ತ ಬಂದವನು, ಯೂನಾಳಿಗೆ ಲೇತು ಕಲಿಸಿದವನು, ಎರಡು ವರ್ಷದ ಹಿಂದೆ ಕೈ ನಡುಗುತ್ತದೆ ಎಂದು ಏಪ್ರನ್ ಬಿಚ್ಚಿಟ್ಟವನು. ಅವಳ ಗಂಡ ಆಲ್ಬಿ.

ಆಲ್ಬಿ ಬ್ರಯೋನಿಯ ಮನೆಗೆ ಹೋಗುತ್ತಾನೆಂಬುದು ಯೂನಾಳಿಗೆ ಗೊತ್ತಿತ್ತು. ಯಾತಕ್ಕೆ ಹೋಗುತ್ತಾನೆಂಬುದು ಮೊನ್ನೆ ಈ ತುಂಡು ಬಿಚ್ಚಿದ ಮೇಲಷ್ಟೇ ಗೊತ್ತಾಗಿತ್ತು.

"ಕ್ಲೆಮ್, ನಿನ್ನ ಅಡುಗೆಮನೆ ಕಿಟಕಿಯಿಂದ ಅವಳ ಶೆಡ್ಡಿನ ಬಾಗಿಲು ಕಾಣತ್ತೆ, ಅಲ್ವಾ?"

"ನೇರ ಕಾಣತ್ತೆ. ಬಾಗಿಲು ತೆರೆದಿದ್ರೆ ಒಳಗಿನ ಬೆಂಚೂ ಕಾಣತ್ತೆ."

"ಯಾರು ಬರ್ತಾರೆ?"

ಕ್ಲೆಮ್ ಸೇಬೊಂದನ್ನು ತೊಡೆಗೆ ಉಜ್ಜಿ ಉಜ್ಜಿ ಹೊಳಪು ಬರಿಸಿದ. ತಿನ್ನಲಿಲ್ಲ.

"ನೋಡಿದ್ದೆಲ್ಲ ಹೇಳೋ ಚಾಳಿ ನನಗಿಲ್ಲ. ನಿನಗಂತೂ ಹೇಳಲ್ಲ. ಹೋಗು, ನೀನು ಬಂದ್ರೆ ಜೇನುಗೂಡು ಮನೆಯೊಳಗೆ ಬಂದ ಹಾಗಾಗತ್ತೆ. ಆ ಮೇಣದ ವಾಸನೆ ಸಂಜೆವರೆಗೂ ಹೋಗಲ್ಲ."

ಪಾಪ, ತನ್ನ ಮುಖ ನೋಡಿ ಗಂಡನ ಹೆಸರು ಹೇಳಲಾಗದೆ ಒದ್ದಾಡುತ್ತಿದ್ದಾನೆ ಎಂದುಕೊಂಡು ಯೂನಾ ಎದ್ದಳು.

ರಸ್ತೆ ದಾಟಿದರೆ ಬ್ರಯೋನಿಯ ಶೆಡ್ಡು. ಒಳಗೆ ಲೇತು ಸುಯ್ಯೆನ್ನುತ್ತಿತ್ತು. ಯೂನಾಳನ್ನು ಕಂಡ ಕೂಡಲೇ ಬ್ರಯೋನಿ ಅದನ್ನು ನಿಲ್ಲಿಸಿ, ಕೂದಲಿನಲ್ಲಿ ಸಿಕ್ಕಿಕೊಂಡ ಮರದ ಹೊಟ್ಟನ್ನು ಕೊಡವಿಕೊಂಡಳು. ನಲವತ್ತು ದಾಟಿದ ಹೆಂಗಸು. ಹೊಟ್ಟು ಮೆತ್ತಿಕೊಂಡರೂ ಚೆಂದ ಕಾಣುತ್ತಾಳೆ ಎನ್ನುವುದು ಅವಳ ಮೊದಲ ಅಪರಾಧವಾಗಿ ಯೂನಾಳಿಗೆ ಕಂಡಿತು.

"ಬನ್ನಿ ಯೂನಾ. ಟೀ ಮಾಡ್ಲಾ? ನೀವು ನನ್ನ ಶೆಡ್ಡು ನೋಡೇ ಇಲ್ಲ ಅಲ್ವಾ?"

"ಇಲ್ಲ. ಇದೇ ಮೊದಲು."

ಸುಳ್ಳು. ಹಿಂದೊಮ್ಮೆ ಬಂದಿದ್ದಳು. ಆಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲೇ ಇದ್ದ ಬ್ರಯೋನಿಯ ಮನೆಯ ಅಡುಗೆಕೋಣೆಯಿಂದ ಆಲ್ಬಿಯ ನಗು ಕೇಳಿಸಿತ್ತು. ಅಷ್ಟು ಬಾಯಿ ತುಂಬ ನಗು ಅವನು ತಮ್ಮ ಮನೆಯಲ್ಲಿ ನಕ್ಕು ಯಾವ ಕಾಲವಾಗಿತ್ತೋ. ಆ ನಗು ಬಿಸಿನೀರು ಎರಚಿದ ಹಾಗೆ ಮೈಮೇಲೆ ಬಿದ್ದು, ಅವಳು ಕಾರಿನತ್ತ ಓಡಿಹೋಗಿದ್ದಳು. ಬಂದಿದ್ದು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಂಡನ ಬೆನ್ನು ಹತ್ತಿ ಬಂದೆನೆಂದೂ ಹೇಳಬೇಕಾಗುತ್ತಿತ್ತು.

ಬೆಂಚಿನ ಮೇಲೆ, ಅಂಟು ಒಣಗುವ ತನಕ ಮರವನ್ನು ಬಿಗಿಹಿಡಿಯುವ ಕ್ಲಾಂಪುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಎರಡಕ್ಕೆ ನೀಲಿ ಬಣ್ಣದ ಹಿಡಿ. ತನ್ನ ಮನೆಯ ಕ್ಲಾಂಪುಗಳ ಹಿಡಿಗೆ ನೀಲಿ ಬಳಿಯುವುದು ಆಲ್ಬಿಯ ಅಭ್ಯಾಸ. ಹೋದ ತಿಂಗಳು ಅವು ಕಾಣದಿದ್ದಾಗ ಯೂನಾ ಮನೆಯೆಲ್ಲ ಹುಡುಕಿದ್ದಳು. ಆಲ್ಬಿಯೂ ಜೊತೆಗೆ ನಿಂತು ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದ್ದ, ಕಳ್ಳ.

"ಹೆಬ್ಬೆಟ್ಟು ಕೊಡು," ಎಂದಳು ಯೂನಾ.

ಬ್ರಯೋನಿ ಬೆರಳಿಗೆ ಪೆನ್ಸಿಲ್ಲಿನ ಪುಡಿ ಬಳಿದುಕೊಂಡು ಕಾಗದಕ್ಕೆ ಒತ್ತಿದಳು. ಗುರುತು ಬಟಾಣಿಯಷ್ಟು ಸಣ್ಣದು. ತುಂಡಿನೊಳಗಿದ್ದ ಹೆಬ್ಬೆಟ್ಟು ಇದರ ಒಂದೂವರೆ ಪಟ್ಟು ಅಗಲವಿತ್ತು. ಯೂನಾಳಿಗೆ ನಿರಾಸೆ ಎಷ್ಟಾಯಿತೆಂದರೆ ಅವಳಿಗೇ ನಾಚಿಕೆಯಾಯಿತು.

"ಒರೆಸಿದ ಮೇಲೆ ಟಿಕ್ಕು ಹಾಕೋದನ್ನ ಯಾರು ಕಲಿಸಿದ್ರು?"

ಬ್ರಯೋನಿಯ ಮುಖ ಕೆಂಪಾಯಿತು. "ಒಬ್ಬ ಸ್ನೇಹಿತರು."

"ಹೆಸರಿಲ್ವಾ ಅವರಿಗೆ?"

"ಹೇಳಬೇಡ ಅಂತ ಮಾತು ತಗೊಂಡಿದ್ದಾರೆ. ಅವರಾಗಿಯೇ ಹೇಳ್ತಾರಂತೆ. ಯೂನಾ, ನೀವು ಅಂದ್ಕೊಂಡಿರೋ ಹಾಗೆ..."

"ನಾನೇನು ಅಂದ್ಕೊಂಡಿದೀನಿ ಅಂತ ನಿನಗೆ ಹೇಗೆ ಗೊತ್ತು?"

"ನಿಮ್ಮ ಮುಖದಲ್ಲಿ ಬರೆದಿದೆ," ಎಂದಳು ಬ್ರಯೋನಿ ಮೆಲ್ಲಗೆ. "ಆ ಪೆನ್ನು ನನ್ನದೊಂದೇ ಕೈ ಅಲ್ಲ. ಪಟ್ಟಿ ಕೂಡಿಸಿ ಅಂಟು ಹಾಕಿದ್ದು ಅವರು. ಕಡೆದಿದ್ದು ನಾನು. ನಾಳೆ ಸಭೆಯಲ್ಲಿ ನಾನೇ ಎದ್ದು ಹೇಳೋಣ ಅಂತಿದ್ದೆ. ಆದ್ರೆ ಹೇಳಿದ್ರೆ ಪೆನ್ನು ಬಿಚ್ಚಿಕೊಂಡಿದ್ದು ಅವರ ತಪ್ಪು ಅಂತಾಗತ್ತೆ. ಅಷ್ಟು ದೊಡ್ಡ ಕೆಲಸಗಾರನ ಮರ್ಯಾದೆ ಹೋಗತ್ತೆ."

ಗಂಡನ ಮಾನವನ್ನು ಬೇರೊಬ್ಬ ಹೆಂಗಸು ಕಾಯುತ್ತಿದ್ದಾಳೆ! ಅದು ತನ್ನ ಕೆಲಸವಾಗಿತ್ತು. ಯೂನಾ ಟೀ ಬೇಡವೆಂದು ಹೇಳುವುದನ್ನೂ ಮರೆತು ಹೊರಟಳು. ಹೋಗುವಾಗ ನೀಲಿ ಹಿಡಿಯ ಕ್ಲಾಂಪುಗಳೆರಡನ್ನೂ ಕಂಕುಳಲ್ಲಿ ಇರುಕಿಕೊಂಡಳು.

ಆಲ್ಬಿ ಅಡುಗೆಮನೆಯಲ್ಲಿ ಮೀನು ಹುರಿಯಲು ಸಿದ್ಧ ಮಾಡುತ್ತಿದ್ದ. ಬೆಳಗ್ಗೆ ಜೆಟ್ಟಿಯಲ್ಲಿ ಕೂತು ಹಿಡಿದ ಮೀನು. ತಟ್ಟೆಯ ಮೈದಾ ಹಿಟ್ಟಿನಲ್ಲಿ ಹೋಳುಗಳನ್ನು ಹೊರಳಿಸುತ್ತ ಏನೋ ಗುನುಗುತ್ತಿದ್ದ. ಯೂನಾ ಕ್ಲಾಂಪುಗಳನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟಳು.

ಗುನುಗು ನಿಂತಿತು.

"ಸಿಕ್ಕಿದ್ವಾ?" ಎಂದ ಆಲ್ಬಿ.

"ಸಿಕ್ಕಿದ್ವು. ಮಂಚದ ಕೆಳಗಿರಲಿಲ್ಲ."

"ಯೂನಾ..."

"ಕೈ ನಡುಗತ್ತೆ ಅಂದೆ. ಇನ್ನು ಲೇತಿನ ಹತ್ತಿರ ಹೋಗಲ್ಲ ಅಂದೆ. ನಾನು ಅಯ್ಯೋ ಪಾಪ ಅಂತ ಒಬ್ಬಳೇ ಶೆಡ್ಡಿನಲ್ಲಿ ನಿಂತು ಕೆಲಸ ಮಾಡಿದೆ. ನಿನ್ನ ಕೈ ನನ್ನ ಪಕ್ಕ ಮಾತ್ರ ನಡುಗೋದಾ? ಅವಳ ಶೆಡ್ಡಿನಲ್ಲಿ ನೆಟ್ಟಗಾಗತ್ತಾ?"

"ನಡುಗತ್ತೆ. ಉಳಿ ಹಿಡಿಯೋಕೆ ಆಗಲ್ಲ. ಪಟ್ಟಿ ಕೂಡಿಸೋಕೆ ಆಗತ್ತೆ."

"ಹಾಗಾದ್ರೆ ನನಗೆ ಕೂಡಿಸಿಕೊಡಬಹುದಿತ್ತಲ್ಲ!"

ಆಲ್ಬಿ ಹಿಟ್ಟು ಮೆತ್ತಿದ ಕೈಗಳನ್ನು ತಟ್ಟೆಯ ಅಂಚಿಗೆ ಆನಿಸಿ ನಿಂತ. ಸಿಟ್ಟು ಬಂದಾಗ ಅವನು ದನಿ ಏರಿಸುವವನಲ್ಲ, ತಗ್ಗಿಸುವವನು.

"ನಿನಗೆ ಬೇಕಿತ್ತಾ? ನಾನು ಒಂದು ಪಟ್ಟಿ ಇಟ್ಟರೆ ನೀನು ಎತ್ತಿ ಬೇರೆ ಕಡೆ ಇಡ್ತಿದ್ದೆ. ಊರೆಲ್ಲ ಯೂನಾ ಪೆನ್ನು, ಯೂನಾ ಪೆನ್ನು ಅಂತಿತ್ತು. ಅವಳಿಗೆ ಕಲಿಸಿದವನು ಯಾರು ಅಂತ ಯಾರಾದ್ರೂ ಕೇಳಿದ್ರಾ? ನೀನಾದ್ರೂ ಒಂದು ಸಲ ಹೇಳಿದ್ಯಾ? ನಿನ್ನ ಪಕ್ಕ ನಿಂತರೆ ನಾನು ಮರದ ಹೊಟ್ಟು ಗುಡಿಸೋ ಆಳು. ಅಲ್ಲಿ ನಾನು ಮೇಷ್ಟ್ರು. ನನಗೆ ಹೊಟ್ಟೆಕಿಚ್ಚಾಯ್ತು ಕಣೇ. ನಿನ್ನ ಮೇಲೆ, ನನ್ನ ಸ್ವಂತ ಹೆಂಡತಿ ಮೇಲೆ."

ಯೂನಾ ಕುರ್ಚಿಯಲ್ಲಿ ಕೂತಳು. ಹೊಟ್ಟೆಕಿಚ್ಚು ತನ್ನೊಬ್ಬಳದೇ ಆಸ್ತಿ ಎಂದು ಅವಳು ತಿಳಿದಿದ್ದಳು. ಅದರಲ್ಲೂ ಪಾಲುದಾರನಿದ್ದ. ಏನೂ ತೋಚದಿದ್ದಾಗ ಪೊಲೀಸರು ಮಾಡುವುದನ್ನೇ ಅವಳೂ ಮಾಡಿದಳು.

"ಹೆಬ್ಬೆಟ್ಟು ಕೊಡು."

"ನನ್ನ ಮೇಲೂ ಅನುಮಾನವಾ?"

"ಒರೆಸಿದ ಮೇಲೆ ಯಾರೋ ಜಿಡ್ಡು ಕೈಯಲ್ಲಿ ಮುಟ್ಟಿದ್ದಾರೆ. ಕ್ಲೆಮ್ ಅಲ್ಲ, ಅವಳೂ ಅಲ್ಲ. ಅಗಲವಾದ ಹೆಬ್ಬೆಟ್ಟು. ನಾಳೆ ನಾನು ಎದ್ದು ನಿಂತು ನನ್ನ ಗಂಡನ ಹೆಸರು ಹೇಳಬೇಕಾ ಬೇಡವಾ ಅಂತ ನನಗೆ ಇವತ್ತು ಗೊತ್ತಾಗಬೇಕು."

ಆಲ್ಬಿ ಹಿಟ್ಟಿನ ಹೆಬ್ಬೆಟ್ಟನ್ನು ಕಪ್ಪು ಬಾಣಲೆಯ ಮುಚ್ಚಳದ ಮೇಲೆ ಒತ್ತಿದ. ಬಿಳಿ ಗುರುತು ಚೆನ್ನಾಗಿ ಮೂಡಿತು. ಯೂನಾ ಭೂತಗನ್ನಡಿ ಹಿಡಿದು ಬಗ್ಗಿದಳು.

ಸುಳಿಯ ಒಳಗೆ ಸುಳಿ. ಬಿಲ್ಲಿನ ಬಾಗು ಎಲ್ಲೂ ಇರಲಿಲ್ಲ.

ಅವಳ ಎದೆಯ ಮೇಲಿಂದ ಬಂಡೆ ಸರಿಯಿತು. ನಗು ಬಂತು, ಅಳುವೂ ಬಂತು. "ನೀನಲ್ಲ," ಎಂದಳು. "ಆಲ್ಬಿ, ನೀನಲ್ಲ."

"ನನಗದು ಮೊದಲೇ ಗೊತ್ತಿತ್ತು," ಎಂದ ಆಲ್ಬಿ ಒಣದನಿಯಲ್ಲಿ. ಆಮೇಲೆ ಮೀನನ್ನು ಬಾಣಲೆಗೆ ಬಿಟ್ಟು, ಚುರ್ರೆನ್ನುವ ಸದ್ದಿನ ನಡುವೆ ಹೇಳಿದ: "ತಪ್ಪು ನನ್ನದೂ ಇದೆ. ಒರೆಸಿದ ಮೇಲೆ ಎದ್ದು ಹೋಗಬಾರದು. ಮರ ಮತ್ತೆ ಎಣ್ಣೆ ಬಿಡೋ ಮುಂಚೆ ಅಂಟು ಬೀಳಬೇಕು. ಅವತ್ತು ಬ್ರಯೋನಿ ಬಂದು ಟೀ ಜೊತೆ ತಿನ್ನೋ ಸ್ಕೋನು ಬಿಸಿಯಾಗಿದೆ, ಆರಿಹೋಗತ್ತೆ ಅಂದಳು. ಟಿಕ್ಕು ಹಾಕಿ ಪಟ್ಟಿಗಳನ್ನ ಸಾಲಾಗಿ ಜೋಡಿಸಿಟ್ಟು ಹೋದೆ."

"ಸ್ಕೋನು ನಾನೂ ಮಾಡ್ತೀನಿ."

"ಮಾಡ್ತೀಯ. ಬಿಸಿ ಇರೋವಾಗ ಕರೆಯಲ್ಲ." ಅವನು ಹೋಳನ್ನು ಮಗುಚಿದ. "ವಾಪಸ್ ಬಂದಾಗ ಒಂದು ಪಟ್ಟಿ ಬೋರಲು ಬಿದ್ದಿತ್ತು. ಟಿಕ್ಕು ಕೆಳಗಾಗಿತ್ತು. ಗಾಳಿ ಇರಬೇಕು ಅಂದ್ಕೊಂಡೆ. ಮತ್ತೆ ಒರೆಸದೆ ಅಂಟು ಹಾಕಿಬಿಟ್ಟೆ."

"ಯಾವತ್ತು ಅದು?"

"ನೀನು ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀನಿ ಅಂತ ಹಾಬಾರ್ಟಿಗೆ ಹೋದ್ಯಲ್ಲ, ಅವತ್ತು."

ಯೂನಾ ಆ ದಿನ ಹಾಬಾರ್ಟಿಗೆ ಹೋಗಿರಲಿಲ್ಲ. ಸೇತುವೆಯ ಬಳಿ ಕಾರು ತಿರುಗಿಸಿ ಅವನ ಪಿಕಪ್ ಗಾಡಿಯ ಹಿಂದೆ ಬಂದು, ಕಾರಿನಲ್ಲೇ ಒಂದಷ್ಟು ಹೊತ್ತು ಕಾದು ಶೆಡ್ಡಿಗೆ ಹೋಗಿದ್ದಳು. ಮನೆ ಬಿಡುವ ಮುಂಚೆ ತನ್ನ ಪೆನ್ನಿಗೆ ಜೇನುಮೇಣ ತಿಕ್ಕುತ್ತಿದ್ದವಳು, ಅವಸರದಲ್ಲಿ ಕೈಯನ್ನೂ ತೊಳೆದಿರಲಿಲ್ಲ. ಬ್ರಯೋನಿಯ ಬೆಂಚಿನ ಮೇಲೆ ಹಳದಿ ಪಟ್ಟಿಗಳು ಸಾಲಾಗಿದ್ದವು. ಕೊಯ್ದವರು ಯಾರಪ್ಪಾ ಇಷ್ಟು ಅಂದವಾಗಿ ಎಂದು ಹೊಟ್ಟೆ ಉರಿದು, ಒಂದನ್ನು ತುದಿಯಲ್ಲಿ ಹಿಡಿದೆತ್ತಿ, ಮೂಲೆಯ ಟಿಕ್ಕನ್ನು ಗಮನಿಸದೆ, ನಯ ನೋಡಲೆಂದು ಹೆಬ್ಬೆಟ್ಟಿನಿಂದ ಸವರಿ ಒತ್ತಿದ್ದಳು. ಅಷ್ಟರಲ್ಲಿ ಆ ನಗು ಕೇಳಿಸಿತ್ತು. ಪಟ್ಟಿಯನ್ನು ಹೇಗೆ ಇಟ್ಟಳೋ, ಎಲ್ಲಿ ಇಟ್ಟಳೋ.

ಅವಳು ಮೆಲ್ಲಗೆ ತನ್ನ ಬಲಗೈ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಗೆರೆಗಳು ಬಿಲ್ಲಿನಂತೆ ಬಾಗಿ ಬಲಕ್ಕೆ ಇಳಿದಿದ್ದವು. ಅವುಗಳ ಮೇಲೆ ಓರೆಯಾಗಿ ಒಂದು ಹಳೆಯ ಗಾಯದ ಗೀಟು. ಅದು ಮರದ ಎಳೆಯಾಗಿರಲಿಲ್ಲ.

ಲೇತು ಕಲಿತ ಮೊದಲ ವರ್ಷ ಉಳಿ ಜಾರಿ ಆದ ಗಾಯವದು. ಊರಿನವರ ಬೆರಳನ್ನೆಲ್ಲ ಭೂತಗನ್ನಡಿಯಡಿ ಹಿಡಿದವಳಿಗೆ ತನ್ನ ಬೆರಳು ನೋಡಿಕೊಳ್ಳಬೇಕೆಂದು ಒಂದು ಸಲವೂ ಅನಿಸಿರಲಿಲ್ಲ.

"ತಾ ಇಲ್ಲಿ, ಆ ತುಂಡನ್ನ ನಾನೂ ನೋಡ್ತೀನಿ," ಎಂದ ಆಲ್ಬಿ ಕೈ ಒರೆಸಿಕೊಳ್ಳುತ್ತ.

"ಬೇಡ. ಮೀನು ಸೀದುಹೋಗತ್ತೆ."

ಅವನಾಗಲೇ ಬೆಂಕಿಪೊಟ್ಟಣ ತೆರೆದಾಗಿತ್ತು. ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದ, ನೆಟ್ಟಗೆ ಮಾಡಿದ, ಮತ್ತೆ ಓರೆ ಮಾಡಿದ. ಬಹಳ ಹೊತ್ತು ನೋಡಿದ. ಬಾಣಲೆಯಿಂದ ಹೊಗೆ ಏಳತೊಡಗಿತ್ತು. ಆಮೇಲೆ ಹೋಳನ್ನು ಮೇಜಿನ ಮೇಲಿಟ್ಟು, ಯೂನಾಳ ಮಡಿಲಲ್ಲಿ ಮುದುಡಿಕೊಂಡಿದ್ದ ಬಲಗೈಯನ್ನು ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಈ ಗಾಯಕ್ಕೆ ಬಟ್ಟೆ ಕಟ್ಟಿದ್ದು ನಾನೇ ಅಲ್ವೇನೇ, ಯೂನಾ?"

ಅವಳು ಉತ್ತರ ಕೊಡುವ ಮೊದಲೇ ಗೋಡೆಯ ಮೇಲಿನ ಫೋನು ಬಡಿದುಕೊಂಡಿತು. ಆಲ್ಬಿ ಅವಳ ಕೈ ಬಿಡಲಿಲ್ಲ. ಅವಳು ಎಡಗೈ ಚಾಚಿ ಫೋನು ಎತ್ತಿದಳು. ಆ ಕಡೆ ಬ್ರಯೋನಿ, ಮಾತಿಗೆ ಮಾತು ತಾಗುವಷ್ಟು ಅವಸರ.

"ಯೂನಾ, ಇನ್ನು ಹುಡುಕೋದು ಬೇಡ. ಕ್ಲೆಮ್ ಈಗಷ್ಟೇ ಬಂದು ಒಪ್ಪಿಕೊಂಡರು. ಅವರೇ ಅಂತೆ. ಸಾಲಾಗಿಟ್ಟ ಪಟ್ಟಿ ಮುಟ್ಟಿ, ಬೋರಲು ಹಾಕಿ ಹೋಗಿದ್ದು ಅವರೇ ಅಂತೆ. ನನಗೆ ನಂಬೋಕೇ ಆಗ್ತಿಲ್ಲ. ಕ್ಲಬ್ಬಿನ ಶೆಡ್ಡಿನ ಬೀಗದ ಕೈಯನ್ನೂ ಇಲ್ಲೇ ಮೇಜಿನ ಮೇಲಿಟ್ಟು ಹೋಗಿದ್ದಾರೆ."

ಪಟ್ಟಿ ಬೋರಲು ಬಿದ್ದ ಸಂಗತಿಯನ್ನು ಆಲ್ಬಿ ಹೇಳಿದ್ದು ಈಗ, ಈ ಅಡುಗೆಮನೆಯಲ್ಲಿ. ಕ್ಲೆಮ್‌ಗೆ ಅದು ತಿಳಿದಿರಬೇಕಾದರೆ ಒಂದೇ ದಾರಿ. ಅವನ ಅಡುಗೆಮನೆ ಕಿಟಕಿ ಅವಳ ಕಣ್ಣ ಮುಂದೆ ಬಂತು. ನಿನಗಂತೂ ಹೇಳಲ್ಲ ಎಂದಾಗ ಅವನು ಸೇಬನ್ನೇ ನೋಡುತ್ತಿದ್ದನಲ್ಲ.

"ಇನ್ನೂ ಒಂದು ಮಾತು ಹೇಳಿದರು," ಎಂದಳು ಬ್ರಯೋನಿ. "ಸಾರ್ಜೆಂಟಮ್ಮನಿಗೆ ಹೇಳು, ಮನೆಯಲ್ಲಿ ಗಂಡ ಇರೋಳು ಅವಳು, ನನಗೆ ಬೆಕ್ಕು ಸಾಕು ಅಂತ. ಏನರ್ಥವೋ. ನಾಳೆ ಸಭೆಯಲ್ಲಿ ಅವರ ಹೆಸರು ಹೇಳಿಬಿಡ್ತೀರಲ್ಲ? ಯೂನಾ, ಕೇಳಿಸ್ತಾ?"

ಆಲ್ಬಿಗೂ ಕೇಳಿಸಿತ್ತು. ಅವನ ಬೆರಳು ಅವಳ ಹೆಬ್ಬೆರಳಿನ ಗೀಟಿನ ಮೇಲೆ ಹಾಗೇ ಇತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಕೇಳಿಸ್ತು," ಎಂದಳು ಯೂನಾ.